ತೊಂಬತ್ನಾಲ್ಕನೇ ಪುಟ

“ಹಾಲ್ ಅಂದ್ರೆ ಯಾವ ಹಾಲ್?”

ಔಷಧಿ ಅಂಗಡಿಯವನು ಶಟರನ್ನು ಅರ್ಧ ಎಳೆದು, ಅದರ ಕೆಳಗಿಂದ ತಲೆ ಮಾತ್ರ ಹೊರಗೆ ಹಾಕಿ ಕೇಳಿದ.

“ಜಾದೂ ಸಂಘದ ಹಾಲ್,” ಅಂದಳು ಅಕ್ಕ. ದಾರಿ ಕೇಳುತ್ತಿರುವುದು ಇದು ನಾಲ್ಕನೇ ಸಲ. ಮೊದಲು ಸಿಕ್ಕ ಮೂವರಲ್ಲಿ ಒಬ್ಬ ಬಲಕ್ಕೆ ಅಂದಿದ್ದ, ಒಬ್ಬ ಎಡಕ್ಕೆ ಅಂದಿದ್ದ, ಮೂರನೆಯವನು ಅಂಥದ್ದೊಂದು ಈ ಊರಲ್ಲೇ ಇಲ್ಲ ಅಂದಿದ್ದ.

“ಹಂಗಾದ್ರೆ ನೀವು ತಪ್ಪು ಸ್ಟಾಪಲ್ಲಿ ಇಳಿದಿದ್ದೀರಿ.”

“ಅದು ನನಗೂ ಗೊತ್ತಾಗಿದೆ ಸ್ವಾಮಿ.”

“ಹಿಂದಕ್ಕೆ ಹೋಗಿ. ಬಾವಿ ಬರ್ತದೆ, ಕಬ್ಬಿಣದ ಮುಚ್ಚಳ ಹಾಕಿದ್ದು. ಅಲ್ಲಿಂದ ಮೂರನೇ ಸಂದು.” ತಲೆ ಒಳಗೆ ಹೋಯಿತು. ಶಟರ್ ಗರಗರ ಇಳಿದು ನೆಲಕ್ಕೆ ಧಡ್ ಅಂತ ಬಡಿಯಿತು.

ಆಮೇಲೆ ಬೀದಿಯಲ್ಲಿ ಸದ್ದೇ ಇಲ್ಲ...

ಇದು ನಮ್ಮ ದೊಡ್ಡಮ್ಮನ ಮಗಳಿಗೆ ಆದದ್ದು. ಅವಳ ಬಾಯಿಂದಲೇ ಕೇಳಿದ್ದು, ಒಂದಲ್ಲ, ಏಳೆಂಟು ಸಲ. ಸುಳ್ಳು ಹೇಳುವುದರಲ್ಲಿ ಅವಳನ್ನು ಮೀರಿಸಿದವರಿಲ್ಲ ಅನ್ನುವುದು ಬೇರೆ ಮಾತು, ಅದೇ ಅವಳ ಹೊಟ್ಟೆಪಾಡು. ಆದರೆ ಸುಳ್ಳು ಹೇಳುವಾಗ ಅವಳ ಕೈ ಕುಣಿಯುತ್ತವೆ. ಇದನ್ನು ಹೇಳುವಾಗ ಎರಡೂ ಕೈ ತೊಡೆಯ ಮೇಲೆ ಸುಮ್ಮನೆ ಬಿದ್ದಿರುತ್ತವೆ.

ಇಪ್ಪತ್ತೆರಡು ವರ್ಷ ಅವಳು ಜಾದೂ ಮಾಡಿದಳು. ಹಡಗಿನಲ್ಲಿ, ಡೇರೆಯಲ್ಲಿ, ದೊಡ್ಡ ಹೋಟೆಲುಗಳಲ್ಲಿ, ಒಂದು ಸಲ ಜೈಲಿನ ಊಟದ ಹಾಲ್‌ನಲ್ಲಿ. ಜೈಲಿನವರೇ ಒಳ್ಳೇ ಪ್ರೇಕ್ಷಕರು, ನಡುವೆ ಎದ್ದು ಹೋಗುವುದಿಲ್ಲ ಅನ್ನುತ್ತಿದ್ದಳು. ಆಮೇಲೆ ಬೆರಳಿನ ಗಿಣ್ಣುಗಳು ಊದಿಕೊಂಡವು. ಅಂಗೈಯಲ್ಲಿ ಮಾಯವಾಗಬೇಕಿದ್ದ ನಾಣ್ಯ ಒಂದು ದಿನ ಜಾರಿ ಮೊದಲ ಸಾಲಿನವನ ಬೂಟಿನ ಮೇಲೆ ಬಿತ್ತು. ಅವತ್ತೇ ಕೋಟು ಕಳಚಿ ಪೆನ್ನು ಹಿಡಿದಳು. ಇಸ್ಪೀಟಿನ ಮೇಲೆ, ಹಗ್ಗದ ಮೇಲೆ, ಕರವಸ್ತ್ರದ ಮೇಲೆ, ಮನೆಯಲ್ಲೇ ಮಾಡಿ ಕಲಿಯಿರಿ ಅನ್ನುವ ಬಗೆಯ ಒಂಬತ್ತು ಪುಸ್ತಕ ಬರೆದಳು. ಚೆನ್ನಾಗಿಯೂ ಬರೆದಳು. ಒಂಬತ್ತನೆಯದರಲ್ಲಿ ಪೆಟ್ಟಿಗೆ ಇತ್ತು.

ಅವಳಿಗೆ ಹೆಸರು ತಂದದ್ದು ಆ ಪೆಟ್ಟಿಗೆ. ಒಬ್ಬಳು ಒಳಗೆ ಮುದುರಿ ಕೂರುತ್ತಾಳೆ. ಮುಚ್ಚಳ ಬೀಳುತ್ತದೆ, ಹೊರಗಿನ ಕೊಂಡಿ ತಾನೇ ಕಚ್ಚಿಕೊಳ್ಳುತ್ತದೆ. ಇಪ್ಪತ್ತು ಎಣಿಸಿ ತೆಗೆದರೆ ಪೆಟ್ಟಿಗೆ ಖಾಲಿ. ಕೂತಿದ್ದವಳು ಹಾಲಿನ ಬಾಗಿಲಿಂದ ನಡೆದು ಬರುತ್ತಾಳೆ.

ಕೂರುತ್ತಿದ್ದವಳು ಗುಬ್ಬಿ. ಎಲ್ಲರೂ ಕರೆಯುತ್ತಿದ್ದದ್ದು ಹಾಗೆ, ಆಳೂ ಹಾಗೇ ಇದ್ದಳು. ಬಡಗಿಯ ಮಗಳು, ಅಕ್ಕನ ಜಾದೂ ಕಂಪನಿಯ ಬಟ್ಟೆ ಹೊಲಿಯುವವಳು. ಸೂಜಿ ಚುಚ್ಚದ ಹಾಗೆ ಬೆರಳಿಗೆ ಹಾಕುತ್ತಾರಲ್ಲ, ಹಿತ್ತಾಳೆಯ ಅಂಗುಸ್ತಾನ, ಅದು ಅವಳ ಬಲಗೈ ನಡುಬೆರಳನ್ನು ಬಿಟ್ಟದ್ದೇ ಇಲ್ಲ. ನಿದ್ದೆಯಲ್ಲೂ ಇರುತ್ತಿತ್ತು. ಪೆಟ್ಟಿಗೆಯನ್ನು ಯೋಚಿಸಿದವಳು ಅವಳು, ಗೀಟೆಳೆದು ಅಳತೆ ಕೊಟ್ಟವಳು ಅವಳು, ಒಳಗೆ ಕೂರುತ್ತಿದ್ದವಳು ಅವಳು. ಅಕ್ಕನ ಕೆಲಸ ಹಿಂದೆ ನಿಂತು ಕೈ ಬೀಸುವುದು. ಕತ್ತಲ ಇಕ್ಕಟ್ಟು ಅಂದರೆ ಅಕ್ಕನಿಗೆ ಜೀವ ಹೋಗುತ್ತಿತ್ತು, ಲಿಫ್ಟನ್ನೂ ಹತ್ತುವವಳಲ್ಲ. ಇಪ್ಪತ್ತೆರಡು ವರ್ಷದಲ್ಲಿ ಒಂದು ಸಲವೂ ಪೆಟ್ಟಿಗೆಯೊಳಗೆ ಕಾಲಿಟ್ಟಿರಲಿಲ್ಲ.

ಇಬ್ಬರ ನಡುವೆ ಒಂದೇ ಒಂದು ಕರಾರು ಇತ್ತು. ಒಳಗಿಂದ ಅಂಗುಸ್ತಾನದಲ್ಲಿ ಎರಡು ಸಲ ತಟ್ಟಿದರೆ, ನಾನು ತಯಾರು. ಮೂರು ಸಲ ತಟ್ಟಿದರೆ, ಏನೇ ಇರಲಿ, ಯಾರೇ ನೋಡುತ್ತಿರಲಿ, ಮುಚ್ಚಳ ತೆಗಿ. ಅಕ್ಕ ಗುಬ್ಬಿಯ ತಲೆ ಮೇಲೆ ಕೈಯಿಟ್ಟು ಮಾತು ಕೊಟ್ಟಿದ್ದಳು.

ಹನ್ನೆರಡು ವರ್ಷದ ಹಿಂದೆ, ದೊಡ್ಡದೊಂದು ಪ್ರವಾಸಕ್ಕೆ ಹಡಗು ಹತ್ತಬೇಕು ಅನ್ನುವ ಹಿಂದಿನ ದಿನ, ಗುಬ್ಬಿ ಹೊಲಿಗೆ ಡಬ್ಬಿ ಎತ್ತಿಕೊಂಡು ಹೊರಟುಹೋದಳು. ಪೆಟ್ಟಿಗೆ ನಿಂತಿತು, ಪ್ರವಾಸ ನಿಂತಿತು. ಉಳಿದದ್ದು ನಾಣ್ಯ, ಕರವಸ್ತ್ರ. “ಹೇಳದೆ ಕೇಳದೆ ನಡುನೀರಲ್ಲಿ ಕೈಬಿಟ್ಟಳು ಹಾಳಾದವಳು,” ಅನ್ನುತ್ತಿದ್ದಳು ಅಕ್ಕ, ಯಾರು ಕೇಳಲಿ ಬಿಡಲಿ. ಅದೇ ಸಿಟ್ಟಿನಲ್ಲಿ ಪುಸ್ತಕದಲ್ಲಿ ಅವಳ ಹೆಸರು ಬರೆಯಲಿಲ್ಲ. ‘ಸಹಾಯಕಿ’ ಅಂತ ಹಾಕಿ ಮುಗಿಸಿದಳು. ಪೆಟ್ಟಿಗೆಯ ಒಳಗೆ ಏನೇನು ಹೇಗೆ ಹೇಗೆ ಅಂತ ಅವಳನ್ನೊಂದು ಮಾತು ಕೇಳಲೂ ಇಲ್ಲ. ಕೇಳಿದರೆ ಹೆಸರು ಹಾಕಬೇಕಾಗುತ್ತದಲ್ಲ!

ಪುಸ್ತಕ ಬಂದ ಕೆಲವು ತಿಂಗಳಿಗೆ ಪ್ರಕಾಶಕರ ವಿಳಾಸಕ್ಕೆ ಗುಬ್ಬಿಯಿಂದ ಒಂದು ಕಾಗದ ಬಂತು. ಆ ದುಂಡು ಅಕ್ಷರ ನೋಡಿಯೇ ಅಕ್ಕನಿಗೆ ಮೈ ಉರಿಯಿತು. ಒಡೆಯಲಿಲ್ಲ. ಹರಿದೂ ಹಾಕಲಿಲ್ಲ. ಸೂಟ್‌ಕೇಸಿನ ಪಕ್ಕದ ಚೀಲದಲ್ಲಿ ತುರುಕಿ, ಹನ್ನೊಂದು ತಿಂಗಳು ಊರೂರು ತಿರುಗಿಸಿದಳು.

ಈಗ ಈ ಊರಿನ ಜಾದೂ ಸಂಘದವರು ಪುಸ್ತಕ ನೋಡಿ ಪೆಟ್ಟಿಗೆ ಮಾಡಿಸಿದ್ದರು. ಜಾದೂ ಪುಸ್ತಕ ಓದುವವರು ಸಾವಿರ ಜನ, ಮರ ತಂದು ಬಡಗಿಯ ಮುಂದೆ ನಿಲ್ಲುವವನು ಎಲ್ಲೋ ಒಬ್ಬ. ಆ ಒಬ್ಬ ಇಲ್ಲಿಯ ಗಡಿಯಾರ ರಿಪೇರಿಯವನು, ಸಂಘದ ಕಾರ್ಯದರ್ಶಿ. ಮರುದಿನ ಅಕ್ಕನ ಎದುರಿಗೇ ಅದರ ಮೊದಲ ಪ್ರಯೋಗ. ಒಳಗೆ ಕೂರುವವಳು ಅವನ ಹೆಂಡತಿ. ಅಕ್ಕನಿಗೆ ಉಳಿಯಲು ಹಾಲಿನ ಮೇಲಿನ ರೂಮು.

ಬಸ್ಸು ದಾರಿಯಲ್ಲಿ ಕೆಟ್ಟು ಮೂರು ಗಂಟೆ ತಡ. ಕಂಡಕ್ಟರು ನಿದ್ದೆಗಣ್ಣಲ್ಲಿ ಎಲ್ಲೋ ಇಳಿಸಿದ. ಸೂಟ್‌ಕೇಸಿನ ಒಂದು ಗಾಲಿ ಮುರಿದಿತ್ತು. ಊರನ್ನು ಬೈದುಕೊಂಡು, ಕಂಡಕ್ಟರನ್ನು ಬೈದುಕೊಂಡು, ಗಾಲಿ ಮಾಡಿದವನನ್ನು ಬೈದುಕೊಂಡು ಅಕ್ಕ ಹಿಂದಕ್ಕೆ ನಡೆದಳು.

ಕಿರ್ರ್... ಕಿರ್ರ್... ಇದು ಸೂಟ್‌ಕೇಸು.

ಟಣ್...

ಇದು ಸೂಟ್‌ಕೇಸಲ್ಲ.

ಅಕ್ಕ ನಿಂತಳು. ಸಣ್ಣ ಚೌಕ. ನಡುವೆ ಬಾವಿ. ಮುಚ್ಚಳದ ಮೇಲೆ ಯಾರೋ ಕೂತು, ಬೆರಳಲ್ಲಿ ಕಬ್ಬಿಣವನ್ನು ತಟ್ಟುತ್ತಿದ್ದರು.

ಟಣ್... ಟಣ್...

ಕಾಲು ನೆಲಕ್ಕೆ ಎಟುಕುತ್ತಿರಲಿಲ್ಲ. ಅದರಲ್ಲೇನೂ ವಿಶೇಷವಿಲ್ಲ, ಅವಳಿಗೆ ಯಾವ ಕುರ್ಚಿಯಲ್ಲಿ ಕೂತರೂ ಎಟುಕುತ್ತಿರಲಿಲ್ಲ.

“ದಾರಿ ತಪ್ಪಿತಾ ಯಜಮಾನಿ?”

ಅಕ್ಕನಿಗೆ ಹೆದರಿಕೆ ಆಗಲಿಲ್ಲ. ಇದನ್ನು ಪ್ರತಿ ಸಲವೂ ಒತ್ತಿ ಹೇಳುತ್ತಾಳೆ. ಹನ್ನೆರಡು ವರ್ಷದ ಸಿಟ್ಟು ಒಂದೇ ಸಲಕ್ಕೆ ನೆತ್ತಿಗೇರಿತು, ಹೆದರಿಕೆಗೆ ಜಾಗವೇ ಉಳಿಯಲಿಲ್ಲ.

“ನೀನಾ!”

“ನಾನೇ.”

“ನಿನ್ನ ಮುಖ ನೋಡಬಾರದು ಅಂದುಕೊಂಡಿದ್ದೆ ಕಣೇ.”

“ಕತ್ತಲಿದೆ. ಕಾಣಲ್ಲ. ನಡಿ ನಡಿ, ಹೊತ್ತಿಲ್ಲ.”

ಮುಚ್ಚಳದಿಂದ ಇಳಿದವಳೇ ಮುಂದೆ ನಡೆದಳು. ಅಕ್ಕ ಹಿಂದೆ. ಯಾಕೆ ಹೋದೆ ಅಂದರೆ, ಬೈಯುವುದು ಬಾಕಿ ಇತ್ತಲ್ಲ ಅನ್ನುತ್ತಾಳೆ.

ಅಕ್ಕನ ಬೂಟು ಟಪ್, ಟಪ್. ಸೂಟ್‌ಕೇಸು ಕಿರ್ರ್. ಗುಬ್ಬಿಯ ಹೆಜ್ಜೆಯ ಸದ್ದಿಲ್ಲ... ಬರಿಗಾಲಲ್ಲಿರಬೇಕು ಅಂದುಕೊಂಡಳು ಅಕ್ಕ. ಅವಳು ಯಾವಾಗ ಚಪ್ಪಲಿ ಹಾಕಿದ್ದಳು? ಗೋಡೆಗುಂಟ ಅಂಗುಸ್ತಾನ ಎಳೆದುಕೊಂಡು ಹೋಗುವ ಸದ್ದು ಮಾತ್ರ, ಗೀರ್... ಗೀರ್...

“ನನ್ನ ಜೀವನ ಹಾಳು ಮಾಡಿ ಹೋದವಳು ನೀನು,” ಅಕ್ಕ ಪಿಸುಗುಟ್ಟಿದಳು. ಬೀದಿ ಮಲಗಿತ್ತು, ಕೂಗಾಡುವ ಹಾಗಿರಲಿಲ್ಲ. ಸಿಟ್ಟನ್ನು ಪಿಸುಗುಟ್ಟುವುದು ಎಷ್ಟು ಕಷ್ಟ ಅಂತ ಅವತ್ತು ಗೊತ್ತಾಯಿತಂತೆ.

“ಹೂಂ.”

“ಹಡಗು ಹತ್ತೋ ಹಿಂದಿನ ದಿನ!”

“ಹೂಂ. ನಿನ್ನ ಪುಸ್ತಕ ಓದಿದೆ.”

“ಓಹೋ. ಹೆಸರು ಹಾಕಲಿಲ್ಲ ಅಂತ ಜಗಳಕ್ಕೆ ಬಂದೆಯಾ?”

ಗುಬ್ಬಿ ಗಕ್ಕನೆ ನಿಂತಳು. ತಿರುಗಲಿಲ್ಲ. “ತೊಂಬತ್ನಾಲ್ಕನೇ ಪುಟ. ‘ಸಹಾಯಕಿ ಬಲಗಡೆಯ ಗುಂಡಿ ಒತ್ತಬೇಕು.’ ಯಾರ ಬಲಗಡೆ, ಯಜಮಾನಿ?”

“ಯಾರ ಬಲಗಡೆ ಅಂದ್ರೆ? ಬಲಗಡೆ ಅಂದ್ರೆ ಬಲಗಡೆ.”

“ನೀನು ಪೆಟ್ಟಿಗೆ ಹಿಂದೆ ನಿಂತು ಜನರ ಕಡೆ ನೋಡ್ತಿದ್ದೆ. ನಾನು ಒಳಗೆ ಕೂತು ನಿನ್ನ ಕಡೆ ನೋಡ್ತಿದ್ದೆ.”

ಅಕ್ಕ ಎರಡೂ ಕೈ ಎತ್ತಿ ನೋಡಿಕೊಂಡಳು. ಎದುರು ಬದುರು ನಿಂತರೆ ಅವಳ ಬಲ ಇವಳ ಎಡ. ಇಷ್ಟೇ. ಒಂದು ಸಲ ಒಳಗೆ ಕೂತಿದ್ದರೆ ಆಗದ ತಪ್ಪು.

“ಎಡಗಡೆ ಒತ್ತಿದ್ರೆ ಹಿಂದಿನ ಹಲಗೆ ಸರೀತದೆ,” ಗುಬ್ಬಿ ಅಂದಳು. “ಬಲಗಡೆಯದು ಯಾತಕ್ಕೆ? ನೆನಪಿದೆಯಾ?”

ನೆನಪಿತ್ತು. ಜನ ಮೇಲೆ ಬಂದು ಪೆಟ್ಟಿಗೆ ಕುಟ್ಟಿ ನೋಡುವಾಗ ಹಲಗೆ ಅಲುಗಬಾರದಲ್ಲ, ಅದಕ್ಕೆ. ಬಲಗಡೆಯದನ್ನು ಒತ್ತಿದರೆ ಹಲಗೆಯ ಹಿಂದೆ ಕಬ್ಬಿಣದ ಗೂಟವೊಂದು ಬೀಳುತ್ತದೆ. ಬಿದ್ದರೆ ಮುಗಿಯಿತು. ಮುಚ್ಚಳ ತೆಗೆದು ಮೇಲಿಂದ ಎತ್ತುವವರೆಗೂ ಒಳಗಿದ್ದವಳು ಒಳಗೇ.

“ನಾಳೆ ಬೆಳಿಗ್ಗೆ ಹೇಳ್ತೀನಿ ಅವರಿಗೆ,” ಅಂದಳು ಅಕ್ಕ.

“ನಾಳೆ!” ಗುಬ್ಬಿ ನಕ್ಕಳು. ಆ ನಗುವಿನಲ್ಲಿ ಉಸಿರಿರಲಿಲ್ಲ. ನಕ್ಕರೆ ಮೂಗಿನಿಂದ ಗಾಳಿ ಬರುತ್ತದಲ್ಲ, ಅದು... ಇರಲಿಲ್ಲ. “ಅವತ್ತೂ ಹಿಂಗೇ, ಇನ್ನೊಂದು ನಿಮಿಷ ಅಂದ್ಕೊಂಡೆಯಲ್ಲ. ಹಲಗೆ ಕಚ್ಕೊಂಡಿತ್ತು. ಮೂರು ಸಲ ತಟ್ಟಿದೆ.”

“ಕೇಳಿಸಲಿಲ್ಲ ಕಣೇ. ಬ್ಯಾಂಡಿನ ಗಲಾಟೆಯಲ್ಲಿ...”

“ಬ್ಯಾಂಡು ನಿಂತಿತ್ತು ಯಜಮಾನಿ.”

ನಿಂತಿತ್ತು. ಅಕ್ಕನಿಗೆ ಗೊತ್ತಿತ್ತು, ಹನ್ನೆರಡು ವರ್ಷವೂ ಗೊತ್ತಿತ್ತು. ಹಾಲ್ ತುಂಬಿತ್ತು, ಹಡಗು ಕಂಪನಿಯವರು ಮೊದಲ ಸಾಲಿನಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತಿದ್ದರು. ಮೂರು ತಟ್ಟು ಸ್ಪಷ್ಟವಾಗಿ ಕೇಳಿಸಿತು. ತಾನಾಗೇ ಸರಿಹೋಗಬಹುದು ಅಂತ ಅಕ್ಕ ಇನ್ನೊಂದು ಜೋಕು ಹೇಳಿದಳು. ಅದು ಮುಗಿದ ಮೇಲೆ ಇನ್ನೊಂದು. ನಾಲ್ಕು ನಿಮಿಷ. ತೆಗೆದಾಗ ಗುಬ್ಬಿಯ ತುಟಿ ಶಾಯಿ ಬಣ್ಣಕ್ಕೆ ತಿರುಗಿತ್ತು. ಅವಳು ಒಂದು ಮಾತೂ ಆಡದೆ ಎದ್ದು, ಬೆಳಗಾಗುವುದರೊಳಗೆ ಹೋಗಿದ್ದಳು. ಅವಳನ್ನು ಬೈದಷ್ಟು ಹೊತ್ತೂ ಈ ನಾಲ್ಕು ನಿಮಿಷ ಅಕ್ಕನಿಗೆ ನೆನಪಾಗುತ್ತಿರಲಿಲ್ಲ. ಅದಕ್ಕೇ ಇರಬೇಕು, ಬೈಯುವುದನ್ನು ನಿಲ್ಲಿಸಲೇ ಇಲ್ಲ.

ಮೂರನೇ ಸಂದು. ಹಾಲಿನ ಹಿಂಬಾಗಿಲು. ಕೆಳಗಿನ ಸಂದಿಯಲ್ಲಿ ಬೆಳಕಿನ ಗೆರೆ.

“ನಾನು ಒಳಗೆ ಬರಲ್ಲ,” ಗುಬ್ಬಿ ಪಿಸುಗುಟ್ಟಿದಳು. “ಈ ಸಲ ಕೇಳಿಸ್ಕೋ.”

ಅಕ್ಕ ಸೂಟ್‌ಕೇಸನ್ನು ಗೋಡೆಗೆ ಒರಗಿಸಿ ತಿರುಗಿದಳು. ಸಂದು ಖಾಲಿ...

ಒಳಗಿಂದ ಸದ್ದು ಬಂತು. ಬರಿಗೈ ಮರಕ್ಕೆ ಬಿದ್ದರೆ ಧಪ್ ಅನ್ನುತ್ತದೆ. ಇದು ಧಪ್ ಅಲ್ಲ. ಮರದ ಮೇಲೆ ಲೋಹ.

ಠಕ್. ಠಕ್. ಠಕ್.

ಅಕ್ಕ ಬಾಗಿಲು ತಳ್ಳಿದಳು. ತೆರೆದೇ ಇತ್ತು. ವೇದಿಕೆಯ ಮೇಲೆ ಒಂದೇ ಬಲ್ಬು, ಅದರ ಕೆಳಗೆ ಹೊಸ ಪೆಟ್ಟಿಗೆ, ವಾರ್ನಿಶ್ ವಾಸನೆ ಇನ್ನೂ ಆರಿರಲಿಲ್ಲ. ಪಕ್ಕದಲ್ಲಿ ಒಂದು ಜೊತೆ ಹೆಂಗಸಿನ ಚಪ್ಪಲಿ. ಅದರ ಪಕ್ಕ ಅಕ್ಕನದೇ ಪುಸ್ತಕ, ಬೋರಲು ಮಲಗಿಸಿದ್ದು, ಹಾಳೆ ಮಡಿಸಿದ್ದು. ಯಾವ ಪುಟ ಅಂತ ಅವಳು ನೋಡಲಿಲ್ಲ.

ಕೊಂಡಿ ಹೊಸದು, ಬಿಗಿ. ಅಕ್ಕನ ಊದಿದ ಬೆರಳು ಅದರ ಮೇಲೆ ಜಾರಿದವು. ಎರಡನೇ ಸಲವೂ ಜಾರಿದವು. ಒಂದು ಕಾಲದಲ್ಲಿ ಕಣ್ಣು ಮುಚ್ಚಿ ಏಳು ಬೀಗ ತೆಗೆದ ಬೆರಳು! ಅವುಗಳಿಗೆ ಬಾಯಿಗೆ ಬಂದ ಹಾಗೆ ಬೈದಳಂತೆ, ಆ ಬೈಗುಳ ಇಲ್ಲಿ ಬರೆಯುವಂಥವಲ್ಲ. ಕಾಲಿನ ಬೂಟು ಕಿತ್ತು, ಅದರ ಹಿಮ್ಮಡಿಯಿಂದ ಕೊಂಡಿಗೆ ಕೆಳಗಿಂದ ಬಾರಿಸಿದಳು. ಫಟ್. ಫಟ್. ಮೂರನೆಯದಕ್ಕೆ ಹಾರಿತು.

ಒಳಗೆ ಹೆಂಗಸು. ಮೊಣಕಾಲು ಗದ್ದಕ್ಕೆ ತಾಗಿದೆ, ಕುತ್ತಿಗೆ ಒಂದು ಕಡೆ ವಾಲಿದೆ, ತುಟಿ... ಅದೇ ಶಾಯಿ ಬಣ್ಣ. ಅಕ್ಕ ಕಂಕುಳಿಗೆ ಕೈ ಹಾಕಿ ಎಳೆದಳು. ಬಟ್ಟೆ ಪರ್ರ್ ಅಂತ ಹರಿಯಿತು. ನೆಲದ ಮೇಲೆ ಮಲಗಿಸಿ ಬೆನ್ನು ಉಜ್ಜಿದಳು, ಕೆನ್ನೆ ತಟ್ಟಿದಳು. “ಉಸಿರಾಡೇ ತಾಯೀ, ಉಸಿರಾಡು!” ಹಿಂದಿನ ಸಲ ಹೇಳಬೇಕಾಗಿದ್ದ ಮಾತು.

ಹ್ಹಾ... ಅಂತ ಒಂದು ಎಳೆತ. ಆಮೇಲೆ ಕೆಮ್ಮು. ಆಮೇಲೆ ಕಣ್ಣು ಬಿಟ್ಟಳು.

ನೀರು ಕುಡಿಸಿ ಐದು ನಿಮಿಷ ಆಗಿರಬೇಕು. ಹೆಂಗಸು ಅಕ್ಕನನ್ನು ನೋಡಿದಳು, ಪುಸ್ತಕದ ಹಿಂದಿನ ರಟ್ಟಿನ ಫೋಟೋ ನೋಡಿದಳು, ಮತ್ತೆ ಅಕ್ಕನನ್ನು ನೋಡಿದಳು.

“ಇದನ್ನ ಬರೆದವಳು ನೀನೇನಾ?”

“ಹೌದಮ್ಮ.”

ಫಟೀರ್!

ಎಷ್ಟೋ ದೇಶದ ಚಪ್ಪಾಳೆ ಕೇಳಿದ್ದೀನಿ ಕಣೇ, ಅಷ್ಟು ನ್ಯಾಯವಾದದ್ದು ಇನ್ನೊಂದಿಲ್ಲ ಅನ್ನುತ್ತಾಳೆ ಅಕ್ಕ, ಈಗಲೂ ಎಡಗೆನ್ನೆ ಸವರಿಕೊಂಡು.

ಆ ಹೊತ್ತಿಗೆ ಸರಿಯಾಗಿ ಗಡಿಯಾರದವನು ಬಂದ. ಬಸ್‌ಸ್ಟ್ಯಾಂಡಿನಲ್ಲಿ ಹೂಗುಚ್ಛ ಹಿಡಿದು ಮೂರು ಗಂಟೆ ಕಾದು ಬಂದವನು, ಹೂವೂ ಬಾಡಿತ್ತು, ಅವನೂ ಬಾಡಿದ್ದ.

“ಓ ಮೇಡಮ್, ಬಂದೇಬಿಟ್ಟಿರಾ! ನನ್ನ ಹೆಂಡತಿ ಪರಿಚಯ ಆಯ್ತಾ?”

“ಆಯ್ತು,” ಅಂದಳು ಅಕ್ಕ.

“ಇಲ್ಲಿ ಬಾರಯ್ಯಾ,” ಅಂದಳು ಹೆಂಡತಿ. “ನಿನಗೂ ಒಂದಿದೆ.”

ಆಗಿದ್ದು ಇಷ್ಟು. ಪೆಟ್ಟಿಗೆ ಬಡಗಿಯ ಮನೆಯಿಂದ ಬಂದದ್ದೇ ಅವತ್ತು ಸಂಜೆ. ನಾಳೆ ಎಲ್ಲರೆದುರು ನಗೆಪಾಟಲಾಗಬಾರದು ಅಂತ, ಗಂಡ ಬಸ್‌ಸ್ಟ್ಯಾಂಡಿಗೆ ಹೋದ ಹೊತ್ತಲ್ಲಿ ಒಬ್ಬಳೇ ಅಭ್ಯಾಸ ಮಾಡಿ ನೋಡಲು ಕೂತಿದ್ದಳು. ಪುಸ್ತಕದಲ್ಲಿ ಇದ್ದ ಹಾಗೆ ಬಲಗಡೆ ಒತ್ತಿದಳು.

“ತಟ್ಟಿದ್ದು ಒಳ್ಳೇದಾಯ್ತಮ್ಮ,” ಅಂದಳು ಅಕ್ಕ. “ಇಲ್ಲದಿದ್ರೆ ನಾನು ಮೇಲಿನ ರೂಮಿಗೆ ಹೋಗಿ ಮಲಗಿಬಿಡ್ತಿದ್ದೆ.”

ಹೆಂಗಸು ಮುಖ ಗಂಟು ಹಾಕಿದಳು. “ನಾನೆಲ್ಲಿ ತಟ್ಟಿದೆ?”

“ಮೂರು ಸಲ.”

“ಒಳಗೆ ಕೈ ಎತ್ತೋಕೆ ಜಾಗ ಎಲ್ಲಿದೆ? ಕೂಗಿ ಕೂಗಿ ಗಂಟಲು ಹೋಯ್ತು. ಆಮೇಲೆ ಏನೂ ಗೊತ್ತಿಲ್ಲ ನನಗೆ.”

ಅಕ್ಕ ಹೊರಗೆ ಹೋಗಿ ಸೂಟ್‌ಕೇಸನ್ನು ಎಳೆದು ತಂದಳು.

ಆ ರಾತ್ರಿ ಮೇಲಿನ ರೂಮಿನಲ್ಲಿ ಕಾಗದ ಒಡೆದಳು. ನಾಲ್ಕೇ ಸಾಲು. ‘ಪುಟ 94 ತಪ್ಪು. ಬಲ ಅಲ್ಲ, ಎಡ. ಯಾರಾದರೂ ಸಾಯ್ತಾರೆ, ಬೇಗ ತಿದ್ದು. ನನ್ನ ಹೆಸರು ಹಾಕದಿದ್ದರೂ ಪರವಾಗಿಲ್ಲ.’ ಕೆಳಗೊಂದು ಫೋನ್ ನಂಬರು.

ಹನ್ನೊಂದು ತಿಂಗಳು! ತನ್ನ ಮೇಲೆ ತನಗೇ ಅಷ್ಟು ಸಿಟ್ಟು ಬಂದದ್ದು ಅದೇ ಮೊದಲು ಅನ್ನುತ್ತಾಳೆ. ಸಿಟ್ಟು ಮಾಡಿಕೊಳ್ಳಲು ಬೇರೆ ಯಾರೂ ಸಿಗಲಿಲ್ಲ.

ಬೆಳಿಗ್ಗೆ ಆ ನಂಬರಿಗೆ ಫೋನ್ ಮಾಡಿದಳು. ಎತ್ತಿದವನು ಗುಬ್ಬಿಯ ಅಣ್ಣ, ಅವನೂ ಬಡಗಿಯೇ. ಹಿಂದೆ ಮರಕ್ಕೆ ರಂದ ಹೊಡೆಯುವ ಸರ್ರ್ ಸರ್ರ್ ಸದ್ದು ಕೇಳುತ್ತಿತ್ತು.

“ಅವಳು ಹೋಗಿ ಹತ್ತು ತಿಂಗಳಾಯ್ತಲ್ಲಮ್ಮ,” ಅಂದ. “ಜ್ವರ ಬಂದಿತ್ತು. ಆ ಅಂಗುಸ್ತಾನ ಬೆರಳಿಂದ ಬರಲೇ ಇಲ್ಲ. ಹಾಗೇ ಕಳಿಸಿಕೊಟ್ಟೆವು... ನೀವು ಯಾರು?”

ಅಕ್ಕ ಕಾಗದವನ್ನು ಮಡಿಸಿದಳು. “ಅವಳಿಗೆ ಒಂದು ಮಾತು ಕೊಟ್ಟಿದ್ದೆ,” ಅಂದಳು. “ತಡವಾಯ್ತು.”

ಸಂಜೆ ಸಂಘದವರೆಲ್ಲ ಸೇರಿದ್ದರು. ಅಕ್ಕ ವೇದಿಕೆಗೆ ಬಂದು ಕೈಯನ್ನೂ ಬೀಸಲಿಲ್ಲ, ನಗಿಸಲೂ ಇಲ್ಲ. ಪೆಟ್ಟಿಗೆ ಯಾರದು, ಅದರ ಅಳತೆ ಯಾರದು, ಆ ನಾಲ್ಕು ನಿಮಿಷ ಯಾರದು, ಮೂರನ್ನೂ ಹೇಳಿದಳು. ಆಮೇಲೆ ಬೂಟು ಕಳಚಿಟ್ಟು, ತೊಂಬತ್ನಾಲ್ಕನೇ ಪುಟವನ್ನು ತಿದ್ದುವುದಾದರೆ ಒಳಗಿಂದಲೇ ತಿದ್ದಬೇಕು ಅಂತ ಪೆಟ್ಟಿಗೆಯೊಳಗೆ ಕಾಲಿಟ್ಟಳು. ಅರವತ್ತರ ಹತ್ತಿರದ ಹೆಂಗಸು, ಲಿಫ್ಟ್ ಹತ್ತದವಳು.

ಮುಚ್ಚಳ ಹಿಡಿದು ನಿಂತವಳು ಗಡಿಯಾರದವನ ಹೆಂಡತಿ. ಬೇರೆ ಯಾರೂ ಬೇಡ, ಅವಳೇ ನಿಲ್ಲಲಿ ಅಂತ ಅಕ್ಕ ಹಟ ಮಾಡಿದ್ದಳು.

“ಮೂರು ಸಲ ತಟ್ಟಿದ್ರೆ ತೆಗೀತೀಯಾ?”

“ನೋಡೋಣ,” ಅಂದಳು ಹೆಂಗಸು, ನಗದೆ.

ಮುಚ್ಚಳ ಬಿತ್ತು. ಕೊಂಡಿ ಕಟಕ್ ಅಂತ ಕಚ್ಚಿತು. ಕತ್ತಲೆ... ವಾರ್ನಿಶ್ ವಾಸನೆ... ಅಕ್ಕ ಬೇಕಂತಲೇ ಗುಂಡಿ ಮುಟ್ಟಲಿಲ್ಲ. ಒಂದು ನಿಮಿಷ ಎಣಿಸಿದಳು. ಎರಡು. ಬೆವರು ಕಣ್ಣಿಗಿಳಿಯಿತು. ಮೂರು. ಒರೆಸೋಣ ಅಂದರೆ ಕೈ ಏಳಲಿಲ್ಲ, ಮೊಣಕೈ ಎರಡೂ ಹಲಗೆಗೆ ಒತ್ತಿಕೊಂಡಿದ್ದವು, ಹೆಬ್ಬೆರಳು ಮಾತ್ರ ಆಡುತ್ತಿತ್ತು. ತಟ್ಟಲು ಸಾಧ್ಯವೇ ಇರಲಿಲ್ಲ. ಗುಬ್ಬಿಯಂಥ ಗುಬ್ಬಿಗೆ ಮಾತ್ರ ಅದರಲ್ಲಿ ಕೈ ಎತ್ತುವಷ್ಟು ಜಾಗ. ನಾಲ್ಕು. ಪೂರ್ತಿ ನಾಲ್ಕು ಆದ ಮೇಲೆ ಎಡಗಡೆಯ ಗುಂಡಿ ಒತ್ತಿದಳು.

ಹಲಗೆ ಸರಿಯಿತು. ಕೂದಲು ಕೆದರಿ, ನಾಲ್ಕು ಕಾಲಲ್ಲಿ ತೆವಳಿಕೊಂಡು ಹಿಂದಿನಿಂದ ಹೊರಗೆ ಬಂದಳು. ಅಲ್ಲೇ ನೆಲದ ಮೇಲೆ ಕೂತು ಪುಟವನ್ನು ಹೊಸದಾಗಿ ಬರೆದಳು. ಮೊದಲ ಸಾಲಿನಲ್ಲೇ ಹೆಸರು. ಗುಬ್ಬಿ ಅಂತಲ್ಲ, ಅಪ್ಪ ಅಮ್ಮ ಇಟ್ಟ ಪೂರ್ತಿ ಹೆಸರು.

ಪ್ರಕಾಶಕರು ಹಳೇ ಪ್ರತಿಗಳನ್ನೆಲ್ಲ ವಾಪಸು ತರಿಸಬೇಕಾಯಿತು. ಗೊಣಗಿದರು. “ರಟ್ಟಿನ ಮೇಲೆ ನಿಮಗಿಂತ ಮೇಲೆ ಹಾಕಿಸ್ತಿದ್ದೀರಲ್ಲ, ಯಾರಮ್ಮ ಈಕೆ?” ಅಂದರು.

“ಪೆಟ್ಟಿಗೆ ಅವಳದು,” ಅಂದಳು ಅಕ್ಕ. “ನಾನು ಮುಚ್ಚಳ ತೆಗೆಯೋಳು.”

ನೀವು ನಂಬಿದರೆ ನಂಬಿ, ಬಿಟ್ಟರೆ ಬಿಡಿ. ಹೋದ ವರ್ಷ ನಾನೇ ಆ ಊರಿಗೆ ಹೋಗಿದ್ದೆ, ನಾನೂ ದಾರಿ ತಪ್ಪಿದೆ, ಅದು ನಮ್ಮ ಮನೆತನದ ಗುಣ. ಪೆಟ್ಟಿಗೆ ಈಗಲೂ ಹಾಲಿನ ಮೂಲೆಯಲ್ಲಿದೆ. ಗಡಿಯಾರದವನ ಹೆಂಡತಿಯೇ ಮುಚ್ಚಳ ಎತ್ತಿ ಟಾರ್ಚು ಹಿಡಿದು ತೋರಿಸಿದಳು. ಮುಚ್ಚಳದ ಒಳಮೈಯಲ್ಲಿ, ನಡುವಿಗಿಂತ ಸ್ವಲ್ಪ ಬಲಕ್ಕೆ, ಅಂದರೆ ಒಳಗೆ ಕೂತವರ ಬಲಕ್ಕೆ, ಸಾಲಾಗಿ ಮೂರು ಸಣ್ಣ ದುಂಡು ತಗ್ಗು. ವಾರ್ನಿಶ್ ಅಲ್ಲಿ ಒಡೆದಿದೆ. ನಾನು ಕಿರುಬೆರಳ ತುದಿ ಇಟ್ಟು ನೋಡಿದೆ. ಮೂರಕ್ಕೂ ಸರಿಯಾಗಿ ಕೂತಿತು.